ಹಗ್ಗ ಸಡಿಲ ಬಿಟ್ಟಾಗ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸು ಶಿರಾಳಕೊಪ್ಪದಲ್ಲಿ ನಿಂತಾಗಲೆಲ್ಲ ನನಗೆ ಅಜ್ಜನ ಕೊಟ್ಟಿಗೆ ನೆನಪಾಗುತ್ತದೆ. ಬಳ್ಳಿಗಾವಿಯ ಕೇದಾರೇಶ್ವರ ಗುಡಿಗೆ ಹತ್ತಿರದ ಹಳ್ಳಿ ಅದು.

ಈ ಸೀಮೆಯಲ್ಲಿ ದೀಪಾವಳಿ ಕಳೆದ ಮೇಲೆ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿದ ಹೋರಿಗಳು ಜನರ ನಡುವೆ ನುಗ್ಗುತ್ತವೆ. ಕೊಬ್ಬರಿ ಕಿತ್ತವನು ಶೂರ. ಯಾರ ಕೈಗೂ ಸಿಗದಿದ್ದರೆ ಹೋರಿಯದೇ ಗೆಲುವು.

ನಾನು ಐದನೇ ತರಗತಿಯಲ್ಲಿದ್ದಾಗ ಅಜ್ಜ ಒಂದು ಹೋರಿಗರು ತೋರಿಸಿ, "ಬಲಿಪಾಡ್ಯಮಿ ದಿನ ಇದನ್ನ ನೀನೇ ಕೆರೆಗೆ ಹಿಡ್ಕೊಂಡು ಹೋಗಿ ಮೈ ತೊಳೀಬೇಕು" ಅಂದರು.

ಅದಕ್ಕಿನ್ನೂ ಮೂಗುದಾರ ಹಾಕಿರಲಿಲ್ಲ, ಕೊರಳ ಹಗ್ಗವೊಂದೇ. ಕೊಟ್ಟಿಗೆ ಬಾಗಿಲಲ್ಲಿ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಎಳೆದೂ ಎಳೆದೂ ನನ್ನ ಅಂಗೈ ಕೆಂಪಾಯಿತು. ಸಿಟ್ಟಿನಲ್ಲಿ ಕೋಲು ಎತ್ತಿದೆ. ಅಜ್ಜ ಕಸಿದುಕೊಂಡರು.

"ಎದುರಿಗೆ ನಿಂತು ಎಳೆದ್ರೆ ಅದೂ ಹಿಂದಕ್ಕೆ ಎಳೀತದೆ ತಮ್ಮಾ. ಅದರ ಹೆಗಲ ಪಕ್ಕ ನಿಲ್ಲು. ಮೆಲ್ಲಗೆ ಹಗ್ಗ ಹಿಡಿ. ಒಂದು ಹೆಜ್ಜೆ ಇಟ್ಟ ಕೂಡ್ಲೇ ಸಡಿಲ ಬಿಡು."

ಮೊದಲ ದಿನ ಮೂರೇ ಹೆಜ್ಜೆ. ಪ್ರತಿ ಸಲ ಬೆನ್ನು ಸವರಿ, ಚೂರು ಬೆಲ್ಲ ಕೊಟ್ಟೆ. ಮರುದಿನ ಅಂಗಳ ದಾಟಿತು. ವಾರದಲ್ಲಿ ಬೀದಿಗೆ ಬಂತು.

ಹಬ್ಬದ ಬೆಳಿಗ್ಗೆ ಕೆರೆಯ ದಾರಿಯಲ್ಲಿ ಯಾರೋ ಪಟಾಕಿ ಸಿಡಿಸಿದರು. ಕರು ಬೆದರಿ ಜಿಗಿಯಿತು, ಹಗ್ಗ ನನ್ನ ಕೈಯಿಂದ ಜಾರಿತು. ಇನ್ನು ಕರು ಸಿಕ್ಕದು ಎಂದು ಅಳು ಬಂತು.

ಕರು ನಾಲ್ಕು ಮಾರು ಓಡಿ ನಿಂತಿತು. ತಿರುಗಿ ನೋಡಿತು. ಆಮೇಲೆ ತಾನಾಗೇ ಬಂದು ನನ್ನ ಬೆನ್ನ ಹಿಂದೆ ಅಡಗಿತು.