ಉಪ್ಪು ಹಾಕ್ಯಾರೋ ಇಲ್ಲೋ

ನಮ್ಮ ಮನ್ಯಾಗ ಸಾರಿಗೆ ಎರಡು ಸಲ ಉಪ್ಪು ಬೀಳೋದು ಹೊಸಾದೇನಲ್ಲ. ಅತ್ತಿಯವರು ಹಾಕಿ ದೇವರ ಮನಿಗೆ ಹೋಗಿರ್ತಾರ. ನಾನು ಬಂದು "ಹಾಕ್ಯಾರೋ ಇಲ್ಲೋ" ಅಂತ ಮತ್ತೊಂದು ಚಮಚಾ ಹಾಕಿರ್ತೀನಿ. ನೈವೇದ್ಯ ಆಗೋತನಕ ರುಚಿ ನೋಡೋಹಂಗಿಲ್ಲ. ಊಟಕ್ಕ ಕೂತಾಗ ನಮ್ಮವರು ಮಾತಾಡದ ನೀರಿನ ತಂಬಗಿ ಹತ್ರ ಎಳಕೊಂಡ್ರ ಆವಾಗ ನಮಗ ತಿಳೀತದ.

ಇದನ್ನ ನಾವು ನಕ್ಕು ಬಿಡ್ತಿದ್ವಿ. ಆದ್ರ 2016ರಾಗ ಇದೇ ತಪ್ಪು ನಾನು ಲ್ಯಾಪ್‌ಟಾಪ್‌ನಾಗ ಮಾಡಿದೆ, ಅದು ಹೋಗಿ ಗದಗಿನ್ಯಾಗ ಇರೋ ನಮ್ಮ ಅವ್ವನ ಗುಳಿಗಿ ಮ್ಯಾಲೆ ಬಂತು. "ಅವತ್ತು ನಿಮ್ಮ ಅವ್ವಗ ಚಕ್ಕರ್ ಬಂದಿದ್ದು ಯಾಕವಾ?" ಅಂತ ಮೊನ್ನೆ ವೈನಿ ಮತ್ತ ಕೇಳಿದ್ರು. ಅದನ್ನ ಇವತ್ತು ಪೂರ್ತಿ ಬರದು ಬಿಡ್ತೀನಿ.

ಅವ್ವ ಒಬ್ಬಾಕಿನೇ ಇರ್ತಾಳ. ದಿನಾ ಮುಂಜಾನೆ ಒಂದು ಬಿಪಿ ಗುಳಿಗಿ. ಮರೀತಿದ್ಲು. ನಾನು ಕೂಸಿನ ಸಲುವಾಗಿ ನೌಕರಿ ಬಿಟ್ಟು ಎರಡು ವರ್ಷ ಆಗಿತ್ತು, ಮತ್ತ ಕೆಲಸಕ್ಕ ಸೇರೋ ಮೊದಲು ಕೈ ಪಳಗಲಿ ಅಂತ ಒಂದು ಪ್ರೋಗ್ರಾಮ್ ಬರೀಲಿಕ್ಕೆ ಕೂತೆ. ಮುಂಜಾನೆ 8ಕ್ಕ ಅವ್ವನ ಫೋನಿಗೆ "ಗುಳಿಗಿ ತಗೋ" ಅಂತ ಮೆಸೇಜ್ ಹೋಗಬೇಕು, ಇಷ್ಟ.

ಗೂಗಲ್‌ನವರದ್ದು ಆ್ಯಪ್ ಎಂಜಿನ್ ಅಂತ ಅದ, 2008ರಾಗ ಬಂದದ್ದು. ನಾವು ಬರದ ಪ್ರೋಗ್ರಾಮ್ ಅವರ ಕಂಪ್ಯೂಟರ್‌ನಾಗ ಓಡ್ತದ. ಅಲ್ಲಿಗೆ ಏರಿಸೋ ಮೊದಲು ಅದರ ಸಣ್ಣ ನಕಲು ನಮ್ಮ ಲ್ಯಾಪ್‌ಟಾಪ್‌ನಾಗನ ನಡಿಸಿ ನೋಡಬಹುದು, ಮದುವಿಗೆ ನೂರು ಮಂದಿಗೆ ಮಾಡೋ ಮೊದಲು ಮನ್ಯಾಗ ಒಂದು ಪಾವಿನ್ಯಾಗ ಮಾಡಿ ನೋಡಿಧಂಗ. ಅದರಾಗ ಟಾಸ್ಕ್ ಕ್ಯೂ ಅಂತ ಒಂದು ಇರ್ತದ. ಗಿರಣ್ಯಾಗ ಹಿಟ್ಟಿನ ಡಬ್ಬಿ ಸಾಲಿಗಿಟ್ಟು ನಾವು ಬಜಾರಕ್ಕ ಹೋಗೂದಿಲ್ಲೇನು, ಹಂಗ. ಕೆಲಸದ ಚೀಟಿ ಸಾಲಿನ್ಯಾಗ ಇಟ್ರಾತು, ಅದು ಹಿಂದಿನಿಂದ ಒಂದೊಂದ ತಗೊಂಡು ಮಾಡ್ತದ. ಮಾಡಿದ ಪ್ರೋಗ್ರಾಮ್ 200ರಿಂದ 299ರೊಳಗಿನ ಒಂದು ನಂಬರ್ ಹೇಳಿದ್ರ "ಆತು" ಅಂತ ಚೀಟಿ ಹರೀತದ. 500 ಅಂದ್ರ "ಆಗಿಲ್ಲ" ಅಂತ ತಿಳಕೊಂಡು ಸ್ವಲ್ಪ ಹೊತ್ತು ಬಿಟ್ಟು ಮತ್ತ ಮಾಡ್ತದ. ಎಷ್ಟು ಹೊತ್ತು ಬಿಡಬೇಕು ಅಂತ ನಾನ ಬರದಿಟ್ಟಿದ್ದೆ: ಮೊದಲ ಸಲ 10 ನಿಮಿಷ, ಆಮ್ಯಾಲೆ 20, ಆಮ್ಯಾಲೆ 40.

ಮೊದಲ ದಿನ 8ಕ್ಕ ಲ್ಯಾಪ್‌ಟಾಪ್ ಮುಂದ ಕೂತೆ. ಕಪ್ಪು ಪರದೆ ಮ್ಯಾಲೆ 500 ಅಂತ ಬಂತು. ಮೆಸೇಜ್ ಹೋಗೇ ಇಲ್ಲ ಅಂತ ತಿಳಕೊಂಡೆ. ಬ್ರೌಸರ್‌ನಾಗ 8000 ನಂಬರಿನ ಪೋರ್ಟ್ ತಗದು ನೋಡಿದ್ರ ಸಾಲಿನ್ಯಾಗ ಚೀಟಿ ಹಂಗ ಕೂತದ. ಟಿವಿ, ಮಿಕ್ಸರ್ ಎಲ್ಲಾಕ್ಕೂ ನಾವು ಮಾಡೋದನ್ನ ಇದಕ್ಕೂ ಮಾಡಿದೆ, ಬಂದ್ ಮಾಡಿ ಚಾಲೂ ಮಾಡಿದೆ. ಸಾಲು ಖಾಲಿ! ಸರಿ ಹೋತು ಅಂತ ಎದ್ದು ಹೋದೆ. ಖರೇ ಅಂದ್ರ ಏನೂ ಸರಿ ಹೋಗಿರಲಿಲ್ಲ. ಈ ನಕಲಿಗೆ ನೆನಪಿಲ್ಲ, ಬಂದ್ ಮಾಡಿದ್ರ ಸಾಲಿನ್ಯಾಗ ಇದ್ದದ್ದೆಲ್ಲಾ ಅಳಿಸಿ ಹೋಗ್ತದ. ರೋಗ ಹಂಗ ಇತ್ತು, ಚೀಟಿ ಅಷ್ಟ ಕಳೀತು.

ಎರಡನೇ ದಿನ ಚಾಲೂ ಬಿಟ್ಟು ರೊಟ್ಟಿ ಬಡೀಲಿಕ್ಕೆ ಹೋದೆ. ಎಂಟೂವರಿ ಆಗಿತ್ತು, ಅವ್ವನ ಫೋನ್. "ಮೂರನೇದ್ದೂ ತಗೊಳ್ಳೇನವಾ?"

ನನ್ನ ಕೈಕಾಲು ತಣ್ಣಗಾದ್ವು. "ಯಾವ ಮೂರನೇದ್ದು?" ಅಂದೆ.

"ಗುಳಿಗಿ. ಎಂಟಕ್ಕ ಬಂತು, ತಗೊಂಡೆ. ಹತ್ತು ನಿಮಿಷಕ್ಕ ಮತ್ತ ಬಂತು, ತಗೊಂಡೆ. ಈಗ ಮತ್ತ ಬಂದದ. ತಲಿ ಸ್ವಲ್ಪ ಗುಂ ಅಂತದ."

"ಎರಡನೇದ್ದು ಯಾಕ ತಗೊಂಡಿ ಅವ್ವಾ?"

"ನೀ ಕಳಿಸಿದ್ದಲ್ಲ. ಡಾಕ್ಟರ್‌ಗೆ ಕೇಳಿನ ಕಳಿಸಿರ್ತಿ ಅಂದುಕೊಂಡೆ."

ಬಾಜೂ ಮನಿಯವರು ಆಕಿನ್ನ ಡಾಕ್ಟರ್ ಕಡೆ ಕರಕೊಂಡು ಹೋದ್ರು. ಮಧ್ಯಾಹ್ನದತನಕ ಅಲ್ಲೇ ಮಲಗಿಸಿ, ಬಿಪಿ ನೋಡ್ಕೋತ ಕೂತ್ರು. ಸಂಜಿಗೆ ಆರಾಮಾದ್ಲು. ನಾನು ಧಾರವಾಡದಿಂದ ಬಸ್ ಹತ್ತಿ ಹೋಗಿ ಆಕಿ ಕೈ ಹಿಡಕೊಂಡು ಕೂತಾಗ, "ನಿನ್ನೆ ಒಂದ ಬಂದಿತ್ತು, ಭಾಳ ಛಲೋ ಅನಿಸಿತ್ತು" ಅಂದ್ಲು. ಅಂದ್ರ ಮೊದಲ ದಿನಾನೂ ಮೆಸೇಜ್ ಹೋಗಿತ್ತು. ಹತ್ತು ನಿಮಿಷದೊಳಗ ನಾನು ಬಂದ್ ಮಾಡಿದ್ದಕ್ಕ ಎರಡನೇದ್ದು ಹೋಗಿರಲಿಲ್ಲ, ಅಷ್ಟ.

ರಾತ್ರಿ ಅಲ್ಲೇ ಕೂತು ತಪ್ಪು ಹುಡುಕಿದೆ. ಒಂದಲ್ಲ, ಎರಡು. ಈ ನಕಲಿನ್ಯಾಗ ಈಮೇಲ್ ಕಳಿಸಿದ್ರ ಅದು ಖರೇ ಹೋಗೂದಿಲ್ಲ, "ಕಳಿಸಿಧಂಗ" ಅಂತ ಬರದುಕೊಂಡು ಸುಮ್ಮನಿರ್ತದ, ನಾವು ಬೇಕಂತ ಹೇಳದ ಹೊರತು. ಫೋನಿನ ಮೆಸೇಜೂ ಹಂಗ ಅಂದುಕೊಂಡು ಧೈರ್ಯಾಗಿ ಅವ್ವನ ನಂಬರನ್ನ ಬರದಿದ್ದೆ. ಆದ್ರ ಮೆಸೇಜ್ ಹೋಗೋದು ಇಂಟರ್ನೆಟ್ ಮ್ಯಾಲೆ ಬ್ಯಾರೆಯವರ ಬಾಗಿಲು ಬಡದು. ಆ ಬಡಿತ ನಕಲಿನ್ಯಾಗೂ ಖರೇನ. ಎರಡನೇದ್ದು, ಪ್ರೋಗ್ರಾಮ್ ಮೊದಲು ಮೆಸೇಜ್ ಕಳಿಸ್ತಿತ್ತು, ಆಮ್ಯಾಲೆ "ಕಳಿಸೇನಿ" ಅಂತ ಗುರುತು ಹಾಕಬೇಕು. ಆ ಗುರುತಿನ ಸಾಲಿನ್ಯಾಗ ಒಂದು ಹೆಸರಿನ ಸ್ಪೆಲಿಂಗ್ ತಪ್ಪಿತ್ತು. ಮೆಸೇಜ್ ಹೋಗೇದ, ಗುರುತು ಬಿದ್ದಿಲ್ಲ, 500. "ಆಗಿಲ್ಲ" ಅಂತ ಮತ್ತ ಕಳಿಸ್ತು. ಅತ್ತಿಯವರ ಉಪ್ಪೇ!

ಸ್ಪೆಲಿಂಗ್ ತಿದ್ದಿದೆ. ಕಳಿಸೋ ಮೊದಲು ಗುರುತು ಅದ ಏನು ಅಂತ ನೋಡೋಹಂಗ ಮಾಡಿದೆ. ಪರೀಕ್ಷಾಕ್ಕ ನನ್ನ ನಂಬರ್ ಹಾಕಿದೆ. ಆದ್ರೂ ಮನಸ್ಸಿಗೆ ಸಮಾಧಾನ ಇಲ್ಲ. ಕಳಿಸೋದು ಒಂದು, ಗುರುತು ಹಾಕೋದು ಇನ್ನೊಂದು. ಈ ಎರಡರ ನಡುವ ಕರೆಂಟ್ ಹೋದ್ರ? ಗುರುತು ಮೊದಲ ಹಾಕಿದ್ರ, ಕಳಿಸದೇನ ಉಳದು ಬಿಡಬಹುದು. ಒಂದು ಕೆಲಸ ಎರಡು ಸಲ ಆದೀತು ಅಂತ ತಿಳದೇ ಬರೀರಿ ಅಂತ ಈ ಸಾಲಿನ ಪುಸ್ತಕದಾಗೂ ಹೇಳ್ಯಾರ.

ಮನಿಗೆ ಬಂದು ಅತ್ತಿಯವರ ಮುಂದ ಎಲ್ಲಾ ಹೇಳಿದೆ. ಕ್ಯೂ ಅವರಿಗೆ ಎಷ್ಟು ತಿಳೀತೋ ಗೊತ್ತಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಳಿಗಿ ದಿನದ್ದು ದಿನಕ್ಕ ತಗದಿಡು. ಇದ್ರ ತಗೋಬೇಕು, ಇಲ್ಲಂದ್ರ ಇಲ್ಲ" ಅಂದ್ರು. ಅಲ್ಲೇ ಬಿಡಿಸ್ತು ನೋಡ್ರಿ. ಗುಳಿಗಿ ತಗೊಳ್ಳೋದೂ ಖಾನೆ ಖಾಲಿ ಆಗೋದೂ ಒಂದ ಕೆಲಸ, ನಡುವ ಸಂದಿ ಇಲ್ಲ. ಏಳು ಖಾನೆ ಡಬ್ಬಿ ತಂದು ಅವ್ವಗ ಕೊಟ್ಟೆ, ಪ್ರತಿ ಐತವಾರ ಬಾಜೂ ಮನಿ ಹುಡುಗಿ ತುಂಬಿಸ್ತಾಳ. ಮೆಸೇಜನ್ನೂ ಬದಲಿಸಿದೆ: "ಇವತ್ತಿನ ಖಾನೆ ನೋಡು." ಹತ್ತು ಸಲ ಬಂದ್ರೂ ತ್ರಾಸಿಲ್ಲ.

ಅತ್ತಿಯವರು ಈಗ ಸಾರಿನ ಉಪ್ಪನ್ನ ಮೊದಲ ಸಣ್ಣ ವಾಟಗದಾಗ ತಗದಿಡ್ತಾರ. ವಾಟಗ ಖಾಲಿ ಅಂದ್ರ ಹಾಕೇದ.

ವಯಸ್ಸಾದ ತಾಯಿ, ಅತ್ತಿ ದೂರ ಇದ್ದವರಿಗೆ ಒಂದ ಮಾತು. ಫೋನ್ ಮಾಡಿದಾಗ "ತಗೊಂಡಿಯೇನು?" ಅಂತ ಕೇಳಬ್ಯಾಡ್ರಿ. ಅವರು ಯೋಚನಿ ಮಾಡಿ, ಇಲ್ಲೇನೋ ಅಂತ ಮತ್ತ ತಗೊಂಡಾರು. "ಇವತ್ತಿನ ಖಾನೆ ಖಾಲಿ ಅದ ಏನು, ಎದ್ದು ನೋಡಿ ಹೇಳು" ಅಂತ ಕೇಳ್ರಿ.