ರಕ್ತಸಂಬಂಧವೆಂಬ ಅಮಾನತ್

ಕಳೆದ ರಜೆಯಲ್ಲಿ ಬೆಂಗಳೂರಿನಿಂದ ಸಂಪಾಜೆಗೆ ಬಂದಿದ್ದ ನಮ್ಮ ಸೋದರಳಿಯ ಒಂದು ಪುಟ್ಟ ಪೆಟ್ಟಿಗೆಯನ್ನು ನಮ್ಮ ಮುಂದಿಟ್ಟನು. ಒಳಗೊಂದು ಪ್ಲಾಸ್ಟಿಕ್ ನಳಿಗೆ. "ಮಾಮ, ಇದರಲ್ಲಿ ಸ್ವಲ್ಪ ಎಂಜಲು ಕೊಡಿ. ಅಜ್ಜನ ಗಂಡು ಸಂತತಿಯ ಗುರುತು ನನ್ನಲ್ಲಿಲ್ಲ, ನಿಮ್ಮಲ್ಲಿದೆ. ನಮ್ಮ ಹಿರಿಯರು ಅರಬ್ ನಾಡಿನವರೋ ಅಲ್ಲವೋ ತಿಳಿಯುತ್ತದೆ" ಎಂದನು. ಅರಬ್ ವರ್ತಕರ ಕಥೆ ಕೇಳದೆ ಬೆಳೆದ ಬ್ಯಾರಿ ಮಕ್ಕಳು ವಿರಳ. ನಮಗೂ ಕುತೂಹಲವಿತ್ತು. ಆದರೂ ಒಂದು ರಾತ್ರಿಯ ಅವಧಿ ಕೇಳಿದೆವು.

ಈ ವಿದ್ಯೆಯನ್ನು ಹಳಿಯಲು ನಮ್ಮ ಜಿಲ್ಲೆಯವರಿಗೆ ಮನಸ್ಸು ಬಾರದು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ದುರಂತಕ್ಕೀಡಾಗಿ 158 ಮಂದಿ ಮೃತಪಟ್ಟರು. ಸುಟ್ಟು ಗುರುತು ಸಿಗದ ದೇಹಗಳ ಮಾದರಿಗಳನ್ನು ಬಂಧುಗಳ ರಕ್ತದೊಂದಿಗೆ ಹೋಲಿಸಿ ನೋಡಿದ್ದು ಹೈದರಾಬಾದಿನ ಡಿಎನ್‌ಎ ಕೇಂದ್ರ. ಕೆಲವು ಮನೆಯವರಿಗೆ ತಮ್ಮವರ ಮಯ್ಯಿತ್ ದೊರೆತದ್ದು ಆ ಪರೀಕ್ಷೆಯಿಂದಲೇ. ಮಕ್ಕಾದ ಫಿಕ್ಹ್ ವಿದ್ವಾಂಸರ ಮಂಡಳಿಯೂ 2002ರಲ್ಲಿ ಇಂತಹ ಸಂದರ್ಭಗಳಿಗೆ ಅನುಮತಿಯಿತ್ತು, ಸ್ಥಿರಪಟ್ಟ ವಂಶಸಂಬಂಧವನ್ನು ಶಂಕಿಸಿ ಪರೀಕ್ಷಿಸುವುದನ್ನು ತಡೆಯಿತು. ಅಗತ್ಯ ಬೇರೆ, ಕುತೂಹಲ ಬೇರೆ ಎಂಬ ವಿವೇಕ ಅದರಲ್ಲಿದೆ.

ಅಳಿಯನ ಪ್ರಶ್ನೆಗೆ ಆ ನಳಿಗೆ ಎಷ್ಟು ಉತ್ತರಿಸೀತು? ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ ಒಬ್ಬನಿಗೆ 1024 ಪೂರ್ವಜರ ಸ್ಥಾನಗಳಿವೆ. ಗಂಡು ಸಂತತಿಯ ಗುರುತು ಅವರಲ್ಲಿ ಒಬ್ಬನ ದಾರಿಯನ್ನಷ್ಟೇ ತೋರಿಸುತ್ತದೆ. ಇಂತಿಷ್ಟು ಶೇಕಡಾ ಇಂತಹ ನಾಡಿನದು ಎಂಬ ಲೆಕ್ಕವೂ ಕಂಪೆನಿಯ ಬಳಿಯಿರುವ ಮಾದರಿಗಳೊಂದಿಗೆ ಹೋಲಿಸಿ ಮಾಡಿದ ಅಂದಾಜು. ಮಾದರಿಗಳು ಹೆಚ್ಚಿದಂತೆ ಅದೂ ಬದಲಾಗುತ್ತದೆ. ಅಲ್ಲದೆ, ಅಲ್ಲಾಹನ ಬಳಿ ಶ್ರೇಷ್ಠತೆಯ ಮಾನದಂಡ ತಖ್ವಾ ಎಂದು ಮದ್ರಸದ ಮಕ್ಕಳಿಗೆ ಕಲಿಸುವ ನಾವು ಯಾವ ಉತ್ತರಕ್ಕಾಗಿ ಇಷ್ಟು ಹಂಬಲಿಸಬೇಕು?

ನಮ್ಮನ್ನು ಹೆಚ್ಚು ತಡೆದದ್ದು ಇನ್ನೊಂದು ವಿಚಾರ. 2023ರಲ್ಲಿ ಅಮೆರಿಕದ ಟ್ವೆಂಟಿತ್ರೀ ಆಂಡ್ ಮಿ ಕಂಪೆನಿಯ ಸುಮಾರು 14 ಸಾವಿರ ಖಾತೆಗಳಿಗೆ ಕಳ್ಳರು ನುಗ್ಗಿದರು. ಬಂಧುಗಳನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ ಅವರ ಕೈಗೆ ಸಿಕ್ಕಿದ್ದು ಸುಮಾರು 69 ಲಕ್ಷ ಜನರ ಮಾಹಿತಿ. 2025ರ ಮಾರ್ಚ್‌ನಲ್ಲಿ ಆ ಕಂಪೆನಿ ದಿವಾಳಿ ಅರ್ಜಿ ಸಲ್ಲಿಸಿದಾಗ ಗ್ರಾಹಕರ ವಂಶಮಾಹಿತಿ ಯಾರ ಪಾಲಾಗುವುದೋ ಎಂಬ ಆತಂಕ ಎದ್ದಿತು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು. ಹುಟ್ಟಿನಿಂದ ಬಂದುದನ್ನು ಬದಲಾಯಿಸಲಾಗದು.

ಘಾಟಿಯಿಂದ ಇಳಿದು ಬರುವ ಲಾರಿಯನ್ನು ನಮ್ಮ ಸಂಪಾಜೆ ಗೇಟಿನಲ್ಲಿ ನಿಲ್ಲಿಸಿ, ಏನು ಸಾಗಿಸುತ್ತಿದ್ದೀರಿ ಎಂದು ಕೇಳುವುದುಂಟು. ಈ ನಳಿಗೆಯಲ್ಲಿ ನಮ್ಮ ಸೋದರಿಯರ, ಮಕ್ಕಳ, ಇನ್ನೂ ಹುಟ್ಟದವರ ಗುಟ್ಟೂ ಸಾಗುತ್ತದೆ. ಕೇಳುವ ಗೇಟು ಎಲ್ಲಿದೆ? ಪರರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದೆಂದು ಕುರ್‌ಆನ್ ಕಲಿಸಿದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಆದುದರಿಂದ ಮರುದಿನ ನಾವು ಸೋದರಿಯರನ್ನೇ ಕೇಳಿದೆವು. ಕಿರಿಯವಳ ಮಗಳಿಗೆ ಮದುವೆಯ ಮಾತುಕತೆ ನಡೆಯುತ್ತಿತ್ತು. "ನನ್ನ ಮಗಳ ಬಗ್ಗೆ ಗೊತ್ತಿಲ್ಲದ ಊರಿನಲ್ಲಿ ಬರೆದಿಡುವುದು ಬೇಡ ಕಾಕ" ಎಂದು ಅವಳು ಕಣ್ಣೊರೆಸಿಕೊಂಡಳು.

ನಳಿಗೆಯನ್ನು ಖಾಲಿಯಾಗಿಯೇ ಹಿಂದಿರುಗಿಸಿದೆವು. ಆದರೆ ತಂಗಿಗೂ ಅಳಿಯನಿಗೂ ಒಂದು ಮಾತು ಹೇಳಿದೆವು: ವಧೂವರರಿಬ್ಬರೂ ತಲಸ್ಸೇಮಿಯಾ ವಾಹಕರಾದರೆ ಪ್ರತಿ ಮಗುವಿಗೂ ಆ ರೋಗ ತಗಲುವ ಸಾಧ್ಯತೆ ಶೇ. 25. ಅದನ್ನು ಮದುವೆಗೆ ಮೊದಲೇ ವೈದ್ಯರ ಬಳಿ ಪರೀಕ್ಷಿಸಿಕೊಳ್ಳುವುದು ಜವಾಬ್ದಾರಿ, ಮುಚ್ಚಿಡುವುದು ಖಾಸಗಿತನವಲ್ಲ. ತಂಗಿ ಒಪ್ಪಿದಳು. ಅಳಿಯ ಅಂದು ಸಂಜೆ ನೋಟುಪುಸ್ತಕ ಹಿಡಿದು ಹಿರಿಯರ ಬಳಿ ಕುಳಿತನು. ಐದು ತಲೆಮಾರಿನ ಹೆಸರುಗಳು ದೊರೆತವು, ಜೊತೆಗೆ ಮಾತುಬಿಟ್ಟಿದ್ದ ಎರಡು ಮನೆಗಳ ವಿಳಾಸವೂ. ಆ ವಾರವೇ ಅಲ್ಲಿಗೆ ಹೋಗಿಬಂದೆವು.

ಕುಟುಂಬ ಸಂಬಂಧವನ್ನು ಅರಿಯುವ, ಜೋಡಿಸುವ, ಅದರ ಗುಟ್ಟನ್ನು ಕಾಯುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.