ಅಪ್ಪನ ಕ್ಯಾಮೆರಾಗೆ 5ಕ್ಕೆ 2 ಸ್ಟಾರ್

ರಿವ್ಯೂ ನೋಡದೆ ನಾನು ಚಾರ್ಜರ್ ಕೇಬಲ್ ಕೂಡ ತಗೊಳ್ಳಲ್ಲ. ಮಿಕ್ಸಿ, ಹಾಸಿಗೆ, ಹೆಲ್ಮೆಟ್, ಕೊನೆಗೆ ಇರೋಕೆ ಪಿಜಿ ಕೂಡ ಸ್ಟಾರ್ ಎಣಿಸಿಯೇ ಆರಿಸಿದವಳು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನನ್ನಂಥವರಿಗೆ ಇದು ಹೆಚ್ಚುಕಡಿಮೆ ಸ್ವಭಾವವೇ ಆಗಿಬಿಟ್ಟಿದೆ. ಹಾಗಾಗಿ ರಿವ್ಯೂ ಮಾಡುವವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಒಂದೇ ಒಂದು ರಿವ್ಯೂ ಜೊತೆ ಮಾತ್ರ ಜಗಳ ಇದೆ. ಅದನ್ನು ಮನಸ್ಸಲ್ಲೇ ಇಟ್ಟುಕೊಳ್ಳೋ ಬದಲು ಇಲ್ಲಿ ಆಡಿ ಮುಗಿಸೋಣ ಅಂತ ಕೂತಿದ್ದೇನೆ.

ಜಗಳ ಒಂದು ಕ್ಯಾಮೆರಾ ಬಗ್ಗೆ. ಹೆಸರು ನಿಕಾನ್ ಕೂಲ್‌ಪಿಕ್ಸ್ ಪಿ900. 2015ರಲ್ಲಿ ಬಂದ ಮಾಡೆಲ್. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅಪ್ಪ ನಿವೃತ್ತರಾದರು. ನಂಜನಗೂಡಿನಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಶಾಲು, ಹಾರ, ಬೆಳ್ಳಿ ತಟ್ಟೆ ಎಲ್ಲ ಅವರ ಸ್ಕೂಲಿನವರು ಕೊಟ್ಟರು. ನಾನು ಈ ಕ್ಯಾಮೆರಾ ಕೊಟ್ಟೆ. ಆಗ ಕೈಗೆ ಬರುತ್ತಿದ್ದ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿಯಾಯಿತು, ಇಎಂಐ ಹಾಕಿಸಿಕೊಂಡೆ. ದುಡ್ಡು ನನ್ನದು, ಹೆಗಲು ಅಪ್ಪನದು. ಆದ್ದರಿಂದ ಇದಕ್ಕೆ ಇಬ್ಬರು ಮಾಲೀಕರು ಅನ್ನಬಹುದು.

ಯಾಕೆ ಇದೇ ಕ್ಯಾಮೆರಾ ಅಂದರೆ, ಅಪ್ಪನಿಗೆ ಹಕ್ಕಿ ಹುಚ್ಚು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಹೆಸರು ನೀವು ಕೇಳಿರಬಹುದು. ಪ್ರತಿ ಚಳಿಗಾಲ ಅಲ್ಲಿಗೆ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ನಮ್ಮ ಕಡೆಗೆ ಬರುವ ಹಕ್ಕಿಗಳು. ಅಪ್ಪ ಸ್ಕೂಟರಿನಲ್ಲಿ ಹೋಗಿ ಏರಿ ಮೇಲೆ ನಿಲ್ಲುತ್ತಾರೆ. ಹೆಬ್ಬಾತುಗಳು ನೀರಿನ ಆಚೆ ದಡದಲ್ಲಿರುತ್ತವೆ. ಹತ್ತಿರ ಹೋದರೆ ಹಾರಿಹೋಗುತ್ತವೆ, ಅಷ್ಟು ದೂರದಿಂದ ಬಂದು ದಣಿವಾರಿಸಿಕೊಳ್ಳುತ್ತಿರೋ ಹಕ್ಕಿಯನ್ನು ಎಬ್ಬಿಸಬಾರದು ಅನ್ನೋದು ಅಪ್ಪನ ನಿಯಮ. ಅಂದರೆ ದೂರದಿಂದಲೇ ನೋಡಬೇಕು. ಪಿ900 ಇರುವುದೇ ಅದಕ್ಕೆ. 24 ಮಿ.ಮೀ.ನಿಂದ 2000 ಮಿ.ಮೀ.ವರೆಗೆ, 83 ಪಟ್ಟು ಆಪ್ಟಿಕಲ್ ಜೂಮ್.

ಎಂಟು ವರ್ಷ ಎಲ್ಲ ಸರಿಯಾಗಿತ್ತು. ಭಾನುವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಫ್ಯಾಮಿಲಿ ಗ್ರೂಪ್‌ಗೆ ನಾಲ್ಕೈದು ಫೋಟೊ ಬರೋದು. ಹೆಸರು, ಜಾಗ, ಸಮಯ ಎಲ್ಲ ಮೇಷ್ಟ್ರ ಶೈಲಿಯಲ್ಲಿ ಕೆಳಗೆ ಬರೆದಿರೋರು. ನಾವು ಅರ್ಧ ನಿದ್ದೆಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದೆವು.

ಕಳೆದ ಚಳಿಗಾಲದಲ್ಲಿ ಮೂರು ಭಾನುವಾರ ಫೋಟೊ ಬರಲಿಲ್ಲ. ಹೆಗಲು ನೋವು ಜಾಸ್ತಿಯಾಗಿದೆಯೇನೋ ಅಂದುಕೊಂಡು ಫೋನ್ ಮಾಡಿದೆ. ಅಮ್ಮ ಎತ್ತಿದರು. "ಹೆಗಲೂ ಇಲ್ಲ ಗಿಗಲೂ ಇಲ್ಲ. ಕ್ಯಾಮೆರಾನ ಬೀರು ಒಳಗೆ ಇಟ್ಟು ಬೀಗ ಹಾಕವ್ರೆ. ಅದ್ಯಾವುದೋ ವಿಡಿಯೊ ನೋಡಿದ್ರಂತೆ" ಅಂದರು.

ಆ ವಿಡಿಯೊ ಗ್ರೂಪಿನಲ್ಲೇ ಇತ್ತು. ನನ್ನ ಸೋದರತ್ತೆ ಮಗ ಹೊಸ ಕ್ಯಾಮೆರಾ ಹುಡುಕುತ್ತಿದ್ದವನು, "ಮಾವ, ನಿಮ್ಮ ಕ್ಯಾಮೆರಾ ಬಗ್ಗೆ ಬಂದಿದೆ ನೋಡಿ" ಅಂತ ಖುಷಿಯಿಂದಲೇ ಹಾಕಿದ್ದ. ಈ ಕ್ಯಾಮೆರಾ ಈಗಲೂ ತಗೋಬಹುದಾ ಅನ್ನೋ ಥರದ ರಿವ್ಯೂ. ಕೊನೆಗೆ ತೀರ್ಪು: 5ಕ್ಕೆ 2 ಸ್ಟಾರ್, ದುಬಾರಿ ಆಟಿಕೆ, ಫೋಟೊಗ್ರಫಿ ಗೊತ್ತಿರುವವರು ಮುಟ್ಟಲ್ಲ.

ಅಪ್ಪ ಲೈನಿಗೆ ಬಂದರು. "ನೋಡ್ದೆ ಕಣಮ್ಮ. ಅವನು ಹೇಳೋದ್ರಲ್ಲಿ ತಪ್ಪೇನಿಲ್ಲ. ನಂಗೆ ಗೊತ್ತಾಗ್ತಿರಲಿಲ್ಲ ಅಷ್ಟೆ. ಎಂಟು ವರ್ಷದಿಂದ ಗ್ರೂಪಿಗೆ ಹಾಕ್ತಾ ಬಂದ್ನಲ್ಲ, ಎಲ್ರೂ ಸುಮ್ನೆ ಚೆನ್ನಾಗಿದೆ ಅಂತ ಅಂದಿರ್ತಾರೆ."

ಆ ಕೊನೆ ಮಾತು ನನ್ನನ್ನು ಕೂರಿಸಿತು. ಅವತ್ತು ರಾತ್ರಿ ಆ ವಿಡಿಯೊ ಎರಡು ಸಲ ನೋಡಿದೆ, ಒಂದೊಂದೇ ಆರೋಪ ಬರೆದುಕೊಂಡೆ.

ಮೊದಲ ಆರೋಪ, ಸೆನ್ಸರ್ ಚಿಕ್ಕದು. ನಿಜ. ಪಿ900ರ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಕಿರುಬೆರಳಿನ ಉಗುರಿಗಿಂತಲೂ ಸಣ್ಣದು. ವೃತ್ತಿಪರರ ಫುಲ್ ಫ್ರೇಮ್ ಸೆನ್ಸರ್ 36 x 24 ಮಿ.ಮೀ., ವಿಸ್ತೀರ್ಣದಲ್ಲಿ 30 ಪಟ್ಟು ದೊಡ್ಡದು. ಆದರೆ ಸೆನ್ಸರ್ ಚಿಕ್ಕದಾಗಿರೋದರಿಂದಲೇ ಈ ಜೂಮ್ ಸಾಧ್ಯವಾಗಿರೋದು. ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ 357 ಮಿ.ಮೀ. ಮಾತ್ರ. ಚಿಕ್ಕ ಸೆನ್ಸರ್ ದೃಶ್ಯದ ನಡುವಿನ ತುಣುಕನ್ನಷ್ಟೇ ಹಿಡಿಯೋದರಿಂದ ಅದು ಫುಲ್ ಫ್ರೇಮ್ ಲೆಕ್ಕದಲ್ಲಿ 2000 ಮಿ.ಮೀ. ಆಗುತ್ತದೆ. ದೊಡ್ಡ ಸೆನ್ಸರಿಗೆ ವನ್ಯಜೀವಿ ಫೋಟೊಗ್ರಾಫರುಗಳು ಹಾಕುವ 600 ಮಿ.ಮೀ. ಎಫ್/4 ಲೆನ್ಸ್ ಒಂದೇ ಮೂರು ಕೆಜಿ ಆಸುಪಾಸು ತೂಗುತ್ತದೆ, ಬೆಲೆ ಲಕ್ಷಗಳಲ್ಲಿ. ಅಪ್ಪನ ಬಲ ಹೆಗಲು ಹಿಡಿದುಕೊಂಡು ನಾಲ್ಕು ವರ್ಷವಾಯಿತು, ಅಂಗಿ ಹಾಕಿಕೊಳ್ಳಲೂ ಮೊದಲು ಆ ಕೈ ತೂರಿಸಬೇಕು. ಪಿ900 ಬ್ಯಾಟರಿ ಸೇರಿ ಸುಮಾರು 900 ಗ್ರಾಂ. ರಿವ್ಯೂನಲ್ಲಿ ಹೆಗಲಿನ ಬಗ್ಗೆ ಮಾತೇ ಇಲ್ಲ.

ಎರಡನೇ ಆರೋಪ, ರಾ ಫೈಲ್ ಇಲ್ಲ, ಬರೀ ಜೆಪೆಗ್. ಇದೂ ನಿಜ. ಫೋಟೊಗ್ರಫಿ ಗೊತ್ತಿಲ್ಲದವರಿಗೆ ಹೇಳೋದಾದರೆ, ರಾ ಅಂದರೆ ದೋಸೆ ಹಿಟ್ಟು, ಜೆಪೆಗ್ ಅಂದರೆ ಹುಯ್ದು ತಟ್ಟೆಗೆ ಹಾಕಿದ ದೋಸೆ. ಹಿಟ್ಟು ಕೈಲಿದ್ದರೆ ನಿಮಗೆ ಬೇಕಾದಂತೆ ಹುಯ್ಕೋಬಹುದು, ಒಪ್ಪಿದೆ. ಅದಕ್ಕೆ ಲ್ಯಾಪ್‌ಟಾಪ್ ಬೇಕು, ಸಾಫ್ಟ್‌ವೇರ್ ಬೇಕು, ಕೂತು ತಿದ್ದುವ ತಾಳ್ಮೆ ಬೇಕು. ಅಪ್ಪ ಏರಿ ಮೇಲೆ ನಿಂತೇ ವೈಫೈನಲ್ಲಿ ಫೋಟೊ ಫೋನಿಗೆ ಇಳಿಸಿಕೊಂಡು ಗ್ರೂಪಿಗೆ ಹಾಕುವ ಆಸಾಮಿ. ಅವರಿಗೆ ಬೇಕಾದದ್ದು ಬಿಸಿ ದೋಸೆ.

ಮೂರನೇ ಆರೋಪ, ಪೂರ್ತಿ ಜೂಮ್ ಮಾಡಿದರೆ ಚಿತ್ರ ಮಂಜಾಗುತ್ತದೆ. ಇಲ್ಲಿ ನನಗೆ ತಕರಾರಿದೆ. ಪುರಾವೆಗೆ ತೋರಿಸಿದ್ದು ಯಾವುದೋ ಟೆರೇಸಿನಿಂದ, ನಡುಮಧ್ಯಾಹ್ನ, ದೂರದ ಕಟ್ಟಡವೊಂದರ ಬೋರ್ಡ್. ಬಿಸಿಲಿಗೆ ಕಾದ ಟಾರು ರಸ್ತೆ ಮೇಲೆ ಗಾಳಿ ನಡುಗೋದನ್ನು ನಾವೆಲ್ಲ ನೋಡಿದ್ದೇವೆ. ಅರ್ಧ ಕಿಲೋಮೀಟರ್ ನಡುಗುವ ಗಾಳಿಯ ಮೂಲಕ ಎಂಥ ಲಕ್ಷದ ಲೆನ್ಸ್ ಇಟ್ಟರೂ ಅಕ್ಷರ ಕುಣಿಯುತ್ತವೆ. ಅಪ್ಪ ಕೆರೆ ಹತ್ತಿರ ಇರೋದು ಬೆಳಗ್ಗೆ ಆರೂವರೆಯಿಂದ ಎಂಟರ ತನಕ, ನೆಲ ಕಾಯುವ ಮೊದಲು.

ಉಳಿದವು, ಟಚ್ ಸ್ಕ್ರೀನ್ ಇಲ್ಲ, ಬೆಳಕು ಕಡಿಮೆಯಾದರೆ ಚಿತ್ರದಲ್ಲಿ ಕಾಳು ಕಾಳು ಬರುತ್ತದೆ, ಸೆಕೆಂಡಿಗೆ 7ರಂತೆ 7 ಫೋಟೊ ತೆಗೆದು ಉಸಿರು ಹಿಡಿಯುತ್ತದೆ. ಇವೆಲ್ಲ ಒಪ್ಪಿದೆ. ಹಾರುವ ಮಿಂಚುಳ್ಳಿ ಹಿಡಿಯಬೇಕು ಅನ್ನುವವರು, ಮದುವೆ ಮನೆ ಫೋಟೊ ತೆಗೆಯುವವರು ಖಂಡಿತ ಬೇರೆ ಕ್ಯಾಮೆರಾ ನೋಡಿ. ಕತ್ತಲಾದ ಮೇಲೆ ಅಪ್ಪ ಇದನ್ನು ತೆಗೆಯೋದು ಚಂದ್ರನಿಗೆ ಮಾತ್ರ. 2000 ಮಿ.ಮೀ.ನಲ್ಲಿ ಹುಣ್ಣಿಮೆ ಚಂದ್ರ ಫ್ರೇಮಿನ ಎತ್ತರದ ಮುಕ್ಕಾಲು ಭಾಗ ತುಂಬಿಕೊಳ್ಳುತ್ತಾನೆ, ಕುಳಿಗಳನ್ನು ಎಣಿಸಬಹುದು. ಬೀದಿ ಮಕ್ಕಳೆಲ್ಲ ಅದಕ್ಕೆ ಕ್ಯೂ ನಿಲ್ಲುತ್ತವೆ.

ಇನ್ನು ರಿವ್ಯೂನ ಕೊನೆ ಮಾತು, "ಇದರ ಬದಲು ನಿಮ್ಮ ಫೋನೇ ಸಾಕು." ಇದಕ್ಕೆ ಉತ್ತರ ಲೆಕ್ಕದಲ್ಲೇ ಇದೆ. ಹೆಬ್ಬಾತು ನಮ್ಮಿಂದ 200 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಉದ್ದ ಸುಮಾರು 75 ಸೆಂ.ಮೀ. ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24 ಮಿ.ಮೀ. ಲೆಕ್ಕದ್ದು. ಆ ದೂರದಲ್ಲಿ ಅದು 300 ಮೀಟರ್ ಅಗಲದ ದೃಶ್ಯ ಹಿಡಿಯುತ್ತದೆ. 12 ಮೆಗಾಪಿಕ್ಸೆಲ್ ಚಿತ್ರದ ಅಗಲ 4000 ಪಿಕ್ಸೆಲ್. ಹಂಚಿದರೆ ಹೆಬ್ಬಾತಿನ ಪಾಲಿಗೆ ಬರೋದು 10 ಪಿಕ್ಸೆಲ್. 5 ಪಟ್ಟು ಟೆಲಿ ಲೆನ್ಸ್ ಇರುವ ದುಬಾರಿ ಫೋನಾದರೆ 50. ಪಿ900 ಪೂರ್ತಿ ಜೂಮಿನಲ್ಲಿ ಹಿಡಿಯೋದು 3.6 ಮೀಟರ್ ಅಗಲ, 4608 ಪಿಕ್ಸೆಲ್. ಹೆಬ್ಬಾತಿಗೆ 960 ಸಿಗುತ್ತದೆ. ಒಂದು ಪಿಕ್ಸೆಲ್ಲಿಗೆ ಒಂದು ಮಿಲಿಮೀಟರ್ ಕೂಡ ಇಲ್ಲ.

ಈ ಲೆಕ್ಕ ಹಾಕುವಾಗ ನನಗೆ ಅಪ್ಪನ ಒಂದು ಹಳೇ ಫೋಟೊ ನೆನಪಾಯಿತು. ಮೂರನೇ ಚಳಿಗಾಲವೋ ಏನೋ, ಗುಂಪಿನಲ್ಲಿ ಒಂದು ಹೆಬ್ಬಾತಿನ ಕುತ್ತಿಗೆಗೆ ಪಟ್ಟಿ ಇತ್ತು. ಬರಿಗಣ್ಣಿಗೆ ಕಾಣಲಿಲ್ಲ, ದುರ್ಬೀನಿನಲ್ಲಿ ಪಟ್ಟಿ ಕಂಡರೂ ಅಕ್ಷರ ಕಾಣಲಿಲ್ಲ. ಅಪ್ಪ ಕ್ಯಾಮೆರಾ ಒಂದು ಕಲ್ಲಿನ ಮೇಲಿಟ್ಟು ಪೂರ್ತಿ ಜೂಮ್ ಮಾಡಿ ತೆಗೆದರು. ಅಷ್ಟು ಜೂಮಿನಲ್ಲಿ ಹಕ್ಕಿ ಒಂದು ಹೆಜ್ಜೆ ಇಟ್ಟರೂ ಫ್ರೇಮಿನಿಂದ ಮಾಯ. ಅದಕ್ಕೆ ಅಂತಲೇ ಲೆನ್ಸಿನ ಪಕ್ಕದಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಜೂಮ್ ಹಿಂದೆ ಸರಿಯುತ್ತದೆ, ಹಕ್ಕಿ ಸಿಕ್ಕ ಮೇಲೆ ಬಿಟ್ಟರೆ ಮತ್ತೆ ಅಲ್ಲಿಗೇ ಹೋಗುತ್ತದೆ. ಎಂಟು ವರ್ಷದಲ್ಲಿ ಅಪ್ಪ ಶಟರ್ ಬಿಟ್ಟರೆ ಅತಿ ಹೆಚ್ಚು ಒತ್ತಿರೋದು ಆ ಗುಂಡಿಯನ್ನೇ, ಅದರ ಬಣ್ಣ ಹೋಗಿದೆ. ರಿವ್ಯೂನಲ್ಲಿ ಆ ಗುಂಡಿಯ ಪ್ರಸ್ತಾಪವೂ ಇಲ್ಲ.

ಆ ಫೋಟೊ ಸ್ಪರ್ಧೆಗೆ ಹೋಗುವಂಥದ್ದಲ್ಲ. ಗರಿಗಳು ಸ್ವಲ್ಪ ಬಣ್ಣ ಬಳಿದಂತೆ ಕಾಣುತ್ತವೆ. ಆದರೆ ಪಟ್ಟಿಯ ಅಕ್ಷರ, ಅಂಕಿ ಸ್ಪಷ್ಟವಾಗಿ ಓದಬಹುದು. ಅಪ್ಪ ಅದನ್ನು ಮೈಸೂರಿನ ಪಕ್ಷಿವೀಕ್ಷಕರೊಬ್ಬರಿಗೆ ಕಳಿಸಿದರು. ಅದು ಮಂಗೋಲಿಯಾದಲ್ಲಿ ಹಾಕಿದ ಪಟ್ಟಿ ಅಂತ ಕೆಲವು ದಿನಗಳಲ್ಲಿ ಉತ್ತರ ಬಂತು. ಬೇಸಿಗೆಯಲ್ಲಿ ರೆಕ್ಕೆಗರಿ ಉದುರಿ ಹೆಬ್ಬಾತುಗಳು ಕೆಲವು ವಾರ ಹಾರಲಾರವು, ಆಗ ಅಲ್ಲಿನ ಸಂಶೋಧಕರು ಹಿಡಿದು ಪಟ್ಟಿ ಹಾಕಿ ಬಿಡುತ್ತಾರೆ. ಯಾರೋ ಎಲ್ಲೋ ಓದಿ ತಿಳಿಸಿದರೆ ಮಾತ್ರ ಆ ಪಟ್ಟಿಗೆ ಅರ್ಥ. ಆ ಸಲ ಓದಿದ್ದು ನಂಜನಗೂಡಿನ ಮೇಷ್ಟ್ರು, 2 ಸ್ಟಾರಿನ ಕ್ಯಾಮೆರಾದಲ್ಲಿ.

ಮರುದಿನ ಸಂಜೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಆರೋಪ, ಉತ್ತರ, ಲೆಕ್ಕ. ವಿಜ್ಞಾನದ ಮೇಷ್ಟ್ರಲ್ಲವೇ, 10 ಪಿಕ್ಸೆಲ್ ಲೆಕ್ಕ ಮಾತ್ರ ತಾವೇ ಪೇಪರ್ ತಗೊಂಡು ಮತ್ತೊಮ್ಮೆ ಮಾಡಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಪೇಪರ್ ಸೆಟ್ ಮಾಡಿದವನು ಔಟ್ ಆಫ್ ಸಿಲೆಬಸ್ ಕೇಳಿದಾನೆ ಅನ್ನು" ಅಂದರು.

ನಾನು ಅಷ್ಟೊತ್ತು ಹೇಳಿದ್ದನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ಆ ರಿವ್ಯೂನಲ್ಲಿ ಕೊಟ್ಟ ಮಾಹಿತಿ ಬಹುಪಾಲು ಸರಿ. ಪ್ರಶ್ನೆಗಳು ಮಾತ್ರ ಬೇರೆ ಯಾರಿಗೋ ಸೇರಿದ್ದವು. ಸ್ಟುಡಿಯೊ ಇಟ್ಟವನಿಗೆ, ಎಡಿಟಿಂಗ್ ಬಲ್ಲವನಿಗೆ, ಮೂರು ಕೆಜಿ ಎತ್ತುವ ಹೆಗಲಿದ್ದವನಿಗೆ. ನಾನೂ ಆಫೀಸಿನಲ್ಲಿ ಇದನ್ನು ದಿನಾ ನೋಡುತ್ತೇನೆ. ನಮ್ಮ ಆ್ಯಪ್ ಆಫೀಸಿನ ವೈಫೈನಲ್ಲಿ, ಹೊಸ ಫೋನಿನಲ್ಲಿ ಎಲ್ಲ ಟೆಸ್ಟ್ ಪಾಸ್ ಆಗಿರುತ್ತದೆ. ಬಸ್ಸಿನಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಹಿಡಿದು ಕೂತವರಿಗೆ ತೆರೆಯಲ್ಲ. ಅಂಕಿಗಳು ಸುಳ್ಳು ಹೇಳಿರುವುದಿಲ್ಲ, ಅಳತೆ ಮಾಡುವಾಗ ಆ ಬಸ್ಸಿನವರನ್ನು ಯಾರೂ ನೆನೆದಿರುವುದಿಲ್ಲ ಅಷ್ಟೆ.

ರಿವ್ಯೂ ಮಾಡುವವರು ಒಂದು ಕ್ಯಾಮೆರಾವನ್ನು ಇನ್ನೊಂದು ಕ್ಯಾಮೆರಾ ಪಕ್ಕ ಇಟ್ಟು ತೂಗುತ್ತಾರೆ. ಅವರ ಕೆಲಸವೇ ಅದು, ಹತ್ತು ಕ್ಯಾಮೆರಾ ಅವರ ಮೇಜಿನ ಮೇಲಿರುತ್ತವೆ. ಅಪ್ಪನ ಮುಂದಿದ್ದ ಆಯ್ಕೆ ಎರಡೇ. ಆಚೆ ದಡದ ಹಕ್ಕಿಯನ್ನು ನೋಡುವುದು, ಅಥವಾ ಚುಕ್ಕಿ ಅಂತ ಬಿಟ್ಟು ಮನೆಗೆ ಬರುವುದು. ಆ ಎರಡರ ನಡುವಿನ ಅಂತರಕ್ಕೆ ಎಷ್ಟು ಸ್ಟಾರ್ ಕೊಡಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಬೀರುವಿನ ಬೀಗ ತೆರೆಯಿತು. ಫೋಟೊ ಮತ್ತೆ ಬರುತ್ತಿವೆ. ಒಂದು ವ್ಯತ್ಯಾಸ ಮಾತ್ರ ಉಳಿದಿದೆ. ಮೊದಲು ಹಕ್ಕಿ ಹೆಸರು, ಜಾಗ, ಸಮಯ ಬರೆದು ಸುಮ್ಮನಾಗುತ್ತಿದ್ದ ಅಪ್ಪ ಈಗ ಕೆಲವೊಮ್ಮೆ ಕೆಳಗೆ "ಸ್ವಲ್ಪ ಕ್ಲಿಯರ್ ಇಲ್ಲ" ಅಂತ ಸೇರಿಸುತ್ತಾರೆ. ಎಂಟು ವರ್ಷ ಆ ಸಾಲು ಇರಲಿಲ್ಲ. ಹನ್ನೆರಡು ನಿಮಿಷದ ವಿಡಿಯೊ ಅಷ್ಟನ್ನು ಬಿಟ್ಟುಹೋಗಿದೆ. ಅದಕ್ಕೆ ನಾನೀಗ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಏನಾದರೂ ಕೇಳುತ್ತೇನೆ. ಎಷ್ಟಿದ್ದವು, ಯಾವ ಕಡೆ ದಡ, ಪಟ್ಟಿ ಹಾಕಿದ್ದು ಈ ಸಲ ಕಂಡಿತಾ. ಉತ್ತರ ಯಾವಾಗಲೂ ಉದ್ದ ಇರುತ್ತದೆ.

ನಿಮ್ಮ ಮನೆಯಲ್ಲೂ ಹಳೇ ಕ್ಯಾಮೆರಾ, ಹಳೇ ರೇಡಿಯೊ, ಹೊಲಿಗೆ ಮಿಷನ್ ಇಟ್ಟುಕೊಂಡು ಖುಷಿಯಾಗಿರೋ ಹಿರಿಯರು ಒಬ್ಬರಾದರೂ ಇರುತ್ತಾರೆ. ಅವರ ವಸ್ತುವಿನ ಬಗ್ಗೆ ಯಾರೋ ಮಾಡಿದ ರಿವ್ಯೂ ಕಣ್ಣಿಗೆ ಬಿದ್ದರೆ, ಕಳಿಸೋ ಮೊದಲು ಅವರು ಅದರಲ್ಲಿ ಮಾಡಿದ ಕೆಲಸವನ್ನು ಒಮ್ಮೆ ನೋಡಿ. ಆಮೇಲೂ ಕಳಿಸಬೇಕು ಅನ್ನಿಸಿದರೆ ಕಳಿಸಿ.